ಘಾಟಿ ಇಳಿಯುವ ಮುನ್ನ: ದೂರದ ದಾರಿಗೆ ಸಿದ್ಧತೆಯ ಪಾಠ



ಮಳೆಗಾಲ ಕಳೆದು ಆಕಾಶ ತಿಳಿಯಾಗುತ್ತಿದ್ದಂತೆ ಸ್ಟಾಫ್ ರೂಮಿನ ಬಾಗಿಲಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ. "ಸರ್, ಈ ಸಲ ಟೂರ್ ಎಲ್ಲಿಗೆ?" ಅದಕ್ಕೆ ಉತ್ತರ ಕೊಡುವ ಮೊದಲು ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. "ಎಷ್ಟು ಗಂಟೆಗೆ ಹಿಂದಿರುಗಬೇಕು?" ಹುಡುಗರು ನಗುತ್ತಾರೆ. ಹೊರಡುವ ದಿನವೇ ನಿಶ್ಚಯವಾಗಿಲ್ಲ, ಆಗಲೇ ಹಿಂದಿರುಗುವ ಮಾತೇ ಎಂದು ಅವರ ನಗು. ನಾನೂ ಹಿಂದೆ ಹಾಗೆಯೇ ನಗುತ್ತಿದ್ದವನು. ಚಾರ್ಮಾಡಿ ಘಾಟಿಯಲ್ಲಿ ಕಳೆದ ಒಂದು ರಾತ್ರಿ ನನ್ನ ನಗುವನ್ನು ನಿಲ್ಲಿಸಿತು. ಆ ರಾತ್ರಿ ಕಲಿತದ್ದನ್ನು ನಿಮ್ಮ ಮುಂದೆ ಪಾಠದ ರೂಪದಲ್ಲಿ ಇಡುತ್ತಿದ್ದೇನೆ. ಭೌತಶಾಸ್ತ್ರದ ಮೇಷ್ಟ್ರಾದ್ದರಿಂದ ನಡುವೆ ಸ್ವಲ್ಪ ಲೆಕ್ಕವೂ ಬರುತ್ತದೆ.

ಆ ರಾತ್ರಿ ನಡೆದದ್ದು

ನಾನು ಕೆಲಸಕ್ಕೆ ಸೇರಿದ ಆರಂಭದ ವರ್ಷಗಳು. ಇತಿಹಾಸದ ಅಧ್ಯಾಪಕರೊಬ್ಬರು ಬೇಲೂರು, ಹಳೇಬೀಡು ತೋರಿಸಬೇಕೆಂದು ಹದಿನೈದು ವಿದ್ಯಾರ್ಥಿಗಳನ್ನು ಹೊರಡಿಸಿದರು. ಜೊತೆಗೆ ನಾನೂ ಹೊರಟೆ. ಬಾಡಿಗೆಯ ಟೆಂಪೊ ಟ್ರಾವೆಲರ್. ಸುಬ್‌ಹಿ ನಮಾಝ್ ಮುಗಿಸಿ ಐದೂಮುಕ್ಕಾಲಿಗೆ ಕಾಲೇಜಿನ ಗೇಟು ಬಿಟ್ಟೆವು. ಉಜಿರೆ ದಾಟಿ, ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ಬಿಸಿ ನೀರ್‌ದೋಸೆ ತಿಂದು, ಮೂಡಿಗೆರೆಯ ಮೂಲಕ ಬೇಲೂರು ಸೇರಿದೆವು. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಕಟ್ಟಿದ ಚೆನ್ನಕೇಶವ ದೇವಾಲಯದ ಗೋಡೆಯ ಮುಂದೆ ನಮ್ಮ ಹುಡುಗರು ಗಂಟೆಗಟ್ಟಲೆ ನಿಂತರು. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿದ್ದ ಹೊಯ್ಸಳ ಶಿಲ್ಪ ಅಲ್ಲಿ ಕಣ್ಣೆದುರಿಗಿತ್ತು. ಅವರನ್ನು ಅವಸರ ಮಾಡಲು ನಮಗೆ ಮನಸ್ಸು ಬರಲಿಲ್ಲ.

ಹಳೇಬೀಡಿನಿಂದ ಮೂರು ಗಂಟೆಗೆ ಹೊರಡುವುದೆಂದು ಮಾತಾಗಿತ್ತು. ಹೊರಟದ್ದು ಐದೂಕಾಲಿಗೆ. ಬೇಲೂರಿನಲ್ಲಿ ಚಹಾಕ್ಕೆಂದು ಇಳಿದು ಅರ್ಧ ಗಂಟೆ ಕಳೆದೆವು. ಕೊಟ್ಟಿಗೆಹಾರ ಮುಟ್ಟುವಾಗ ರಾತ್ರಿ ಏಳೂಮುಕ್ಕಾಲು. ಮಳೆ ಶುರುವಾಗಿತ್ತು, ಮಂಜೂ ಕವಿದಿತ್ತು. ಚಾಲಕರು ಒಮ್ಮೆ ನನ್ನ ಕಡೆ ನೋಡಿದರು. ಮನೆಯವರು ಎಂಟು ಗಂಟೆಗೆ ಗೇಟಿನ ಬಳಿ ಕಾಯುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. "ಹೋಗುವ, ಸ್ವಲ್ಪ ಬೇಗ ಹೋಗುವ" ಎಂದುಬಿಟ್ಟೆ. ಆ ದಿನ ನಾನು ಮಾಡಿದ ದೊಡ್ಡ ತಪ್ಪು ಅದು.

ಐದಾರು ತಿರುವು ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಇನ್ನೆರಡು ತಿರುವು ಕಳೆದ ಮೇಲೆ ಚಾಲಕರು ತಗ್ಗಿದ ದನಿಯಲ್ಲಿ ಹೇಳಿದರು, "ಸರ್, ಬ್ರೇಕ್ ಪೆಡಲ್ ಕೆಳಗೆ ಹೋಗ್ತಾ ಉಂಟು." ಅದೃಷ್ಟಕ್ಕೆ ಮುಂದೆ ವಾಹನಗಳ ಕೆಂಪು ದೀಪ ಕಂಡಿತು. ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಚಾಲಕರು ಗೇರ್ ಇಳಿಸಿ, ಕೈಬ್ರೇಕ್ ಎಳೆದು, ಒಳಬದಿಯ ದಿಬ್ಬಕ್ಕೆ ಚಕ್ರ ತಾಗಿಸಿ ನಿಲ್ಲಿಸಿದರು.

ನಿಂತು ಹತ್ತು ನಿಮಿಷವಾಗಿರಬಹುದು. ಹಿಂದಿನ ಸೀಟಿನಿಂದ ಒಬ್ಬ ಕೂಗಿದ, "ಸರ್, ಇವನಿಗೆ ಉಸಿರಾಡ್ಲಿಕ್ಕೆ ಆಗ್ತಾ ಇಲ್ಲ." ಪ್ರಥಮ ಪಿಯುಸಿಯ ಹುಡುಗ. ಅವನಿಗೆ ಆಸ್ತಮಾ ಇರುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಪ್ರವಾಸದ ಅರ್ಜಿಯಲ್ಲಿ ಹೆಸರು, ತರಗತಿ, ಹಣ ಎಂಬ ಮೂರೇ ಅಂಕಣಗಳಿದ್ದವು. ಇನ್‌ಹೇಲರ್ ಎಲ್ಲಿ ಎಂದು ಕೇಳಿದರೆ ಅವನು ಮೇಲಕ್ಕೆ ಕೈ ತೋರಿಸಿದ. ಅವನ ಬ್ಯಾಗು ಕ್ಯಾರಿಯರ್ ಮೇಲೆ, ಟಾರ್ಪಾಲಿನ ಅಡಿಯಲ್ಲಿ, ಹಗ್ಗ ಬಿಗಿದ ಹದಿನೇಳು ಬ್ಯಾಗುಗಳ ನಡುವೆ ಇತ್ತು.

ಸುರಿಯುವ ಮಳೆಯಲ್ಲಿ ಇಬ್ಬರು ಹುಡುಗರು ಮೇಲೆ ಹತ್ತಿದರು. ಒದ್ದೆ ಹಗ್ಗದ ಗಂಟು ಬಿಚ್ಚಲು ಬಾರದು. ಟಾರ್ಚ್ ಇರಲಿಲ್ಲ. ದಿನವಿಡೀ ಫೋಟೊ ತೆಗೆದು, ಹಾಡು ಕೇಳಿ, ಹೆಚ್ಚಿನ ಫೋನುಗಳ ಬ್ಯಾಟರಿ ಮುಗಿದಿತ್ತು. ಉಳಿದ ಎರಡು ಫೋನುಗಳಿಗೆ ಸಿಗ್ನಲ್ ಇಲ್ಲ. ಆ ಬ್ಯಾಗು ಕೈಗೆ ಸಿಗಲು ಸುಮಾರು ಇಪ್ಪತ್ತೈದು ನಿಮಿಷ ಬೇಕಾಯಿತು. ಅಷ್ಟು ಹೊತ್ತು ಆ ಹುಡುಗ ಸೀಟಿನ ಕಂಬಿ ಹಿಡಿದು ಮುಂದಕ್ಕೆ ಬಾಗಿ ಕುಳಿತಿದ್ದ. ಅವನ ಒಂದೊಂದು ಉಸಿರೂ ಸಿಳ್ಳೆಯಂತೆ ಕೇಳುತ್ತಿತ್ತು. ನಾನು ಅವನ ಬೆನ್ನ ಮೇಲೆ ಕೈ ಇಟ್ಟು ಕುಳಿತಿದ್ದೆ. ಬೇರೆ ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ.

ಇನ್‌ಹೇಲರ್ ಸಿಕ್ಕಿತು, ಅವನು ಸುಧಾರಿಸಿಕೊಂಡ. ನಮ್ಮ ಹಿಂದೆ ಬಂದು ನಿಂತ ಸರ್ಕಾರಿ ಬಸ್ಸಿನ ಚಾಲಕರ ಬಳಿ ಕತ್ತಿ, ಹಗ್ಗ, ದೊಡ್ಡ ಟಾರ್ಚ್ ಎಲ್ಲವೂ ಇದ್ದವು. ಅವರು ಮತ್ತು ಆ ಬಸ್ಸಿನಲ್ಲಿದ್ದ ಕಾಫಿ ತೋಟದ ಕೆಲಸಗಾರರು ಸೇರಿ ಮರ ಕಡಿದು ಬದಿಗೆ ಎಳೆದರು. ಹತ್ತು ಗಂಟೆಗೆ ದಾರಿ ತೆರೆಯಿತು. ಕೆಳಗಿಳಿದು ಮೊದಲು ಸಿಕ್ಕ ಆಸ್ಪತ್ರೆಯಲ್ಲಿ ಹುಡುಗನನ್ನು ತೋರಿಸಿ ಕಾಲೇಜು ಮುಟ್ಟುವಾಗ ರಾತ್ರಿ ಒಂದೂವರೆ. ಗೇಟಿನ ಬಳಿ ಹತ್ತಿಪ್ಪತ್ತು ಮಂದಿ ತಂದೆ-ತಾಯಂದಿರು ನಿಂತಿದ್ದರು. ಸಂಜೆ ಆರರಿಂದ ಅವರಿಗೆ ನಮ್ಮ ಸುದ್ದಿಯೇ ಇರಲಿಲ್ಲ. ಆ ಹುಡುಗನ ತಾಯಿ ನನ್ನನ್ನು ಬೈಯಲಿಲ್ಲ. "ಇನ್‌ಹೇಲರ್ ಇಟ್ಟಿದ್ದೆ ಸರ್, ಬ್ಯಾಗಲ್ಲೇ ಇಟ್ಟಿದ್ದೆ" ಎಂದಷ್ಟೇ ಎರಡು ಸಲ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನಿಸುತ್ತದೆ.

ಎಡವಿದ್ದು ಎಲ್ಲಿ?

ಮಾರನೆಯ ದಿನ ಕುಳಿತು ಯೋಚಿಸಿದೆ. ಮಳೆ, ಮಂಜು, ಬಿದ್ದ ಮರ, ಇವು ಯಾವುವೂ ನಮ್ಮ ಕೈಯಲ್ಲಿ ಇರಲಿಲ್ಲ. ಆದರೆ ಕಷ್ಟ ಕೊಟ್ಟವು ಬೇರೆ: ತಡವಾಗಿ ಹೊರಟದ್ದು, ಬಿಸಿಯಾದ ಬ್ರೇಕು, ಮೇಲೆ ಕಟ್ಟಿದ ಬ್ಯಾಗು, ಇಲ್ಲದ ಟಾರ್ಚು, ಖಾಲಿ ಫೋನು, ಯಾರಿಗೂ ತಿಳಿಸದ ಕಾಯಿಲೆ. ಇವೆಲ್ಲ ಕಾಲೇಜಿನ ಅಂಗಳದಲ್ಲೇ ಸರಿಮಾಡಬಹುದಾಗಿದ್ದ ವಿಷಯಗಳು. ಪೇಟೆಯಲ್ಲಿ ಇಂಥ ಸಣ್ಣ ತಪ್ಪುಗಳು ನಮಗೆ ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ಅಂಗಡಿ, ಮೆಕ್ಯಾನಿಕ್, ಆಸ್ಪತ್ರೆ ಇರುತ್ತವೆ. ಕರೆ ಹೋಗದ, ಮನೆಯಿಲ್ಲದ ದಾರಿಯಲ್ಲಿ ಅವೇ ತಪ್ಪುಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಆದ್ದರಿಂದ ಸಿದ್ಧತೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಸಹಾಯ ಸಿಗದ ಜಾಗದಲ್ಲಿ ತೆಗೆದುಕೊಳ್ಳಬೇಕಾದ ತೀರ್ಮಾನಗಳನ್ನು ಸಹಾಯ ಸಿಗುವ ಜಾಗದಲ್ಲೇ ತೆಗೆದುಕೊಂಡು ಹೊರಡುವುದು. ಅದನ್ನು ಐದು ಭಾಗಗಳಲ್ಲಿ ನೋಡೋಣ.

1. ಗಂಟೆಯ ಲೆಕ್ಕ: ಹಿಂದಿನಿಂದ ಮುಂದಕ್ಕೆ

ನಾವು ಸಾಮಾನ್ಯವಾಗಿ ಹೊರಡುವ ಹೊತ್ತಿನಿಂದ ಲೆಕ್ಕ ಶುರು ಮಾಡುತ್ತೇವೆ. ಘಾಟಿಯ ಪ್ರಯಾಣಕ್ಕೆ ಕತ್ತಲಿನಿಂದ ಶುರು ಮಾಡಬೇಕು. ನವೆಂಬರಿನಲ್ಲಿ ನಮ್ಮ ಕಡೆ ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಆರಕ್ಕೆ ಘಾಟಿಯ ಬುಡದಲ್ಲಿರಬೇಕು ಎಂದರೆ ಐದಕ್ಕೆ ಕೊಟ್ಟಿಗೆಹಾರ ಬಿಟ್ಟಿರಬೇಕು. ಬೇಲೂರಿನಿಂದ ಕೊಟ್ಟಿಗೆಹಾರಕ್ಕೆ ಒಂದೂವರೆ ಗಂಟೆ ಇಟ್ಟುಕೊಂಡರೆ ಬೇಲೂರು ಬಿಡುವ ಗಂಟೆ ಮೂರೂವರೆ. ಹಳೇಬೀಡಿನಿಂದ ಬೇಲೂರಿಗೆ ಅರ್ಧ ಗಂಟೆ. ಹಾಗಾದರೆ ಹಳೇಬೀಡು ಬಿಡುವ ಗಂಟೆ ಮೂರು. ಈ ಗಂಟೆಗಳನ್ನು ಕಾಗದದಲ್ಲಿ ಬರೆದು ವಾಹನದೊಳಗೆ ಅಂಟಿಸಬೇಕು.

ಗಂಟೆ ಮೀರಿದರೆ ಏನು ಮಾಡುವುದು ಎಂಬುದನ್ನೂ ಆಗಲೇ ಬರೆದಿಡಬೇಕು. "ಐದರೊಳಗೆ ಕೊಟ್ಟಿಗೆಹಾರ ದಾಟದಿದ್ದರೆ ಘಾಟಿ ಇಳಿಯುವುದಿಲ್ಲ, ಮೂಡಿಗೆರೆಯಲ್ಲಿ ತಂಗುತ್ತೇವೆ." ತಂಗುವ ಜಾಗದ ಫೋನ್ ನಂಬರ್ ಕೂಡ ಅದೇ ಕಾಗದದಲ್ಲಿ ಇರಲಿ. ಇಲ್ಲವಾದರೆ ಆ ಹೊತ್ತಿಗೆ ನಮ್ಮ ಆಯಾಸ, ಮನೆಯ ನೆನಪು, "ಇನ್ನೇನು ಒಂದು ಗಂಟೆ ಅಷ್ಟೇ" ಎಂಬ ಆಸೆ ಎಲ್ಲ ಸೇರಿ ನಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತವೆ.

ಕೆಲವು ದಾರಿಗಳಲ್ಲಿ ಗಂಟೆಯನ್ನು ಕಾನೂನೇ ನಿಗದಿ ಮಾಡಿದೆ. ಗುಂಡ್ಲುಪೇಟೆಯಿಂದ ಬಂಡೀಪುರ ಕಾಡಿನ ಮೂಲಕ ಊಟಿಗೂ ಸುಲ್ತಾನ್ ಬತ್ತೇರಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಾಮಾನ್ಯ ಸಂಚಾರಕ್ಕೆ ಅವಕಾಶವಿಲ್ಲ. ಈ ನಿರ್ಬಂಧ 2009ರಿಂದ ಇದೆ. ಒಂಬತ್ತೂಕಾಲಿಗೆ ಅಲ್ಲಿ ತಲುಪಿದವರು ಚೆಕ್‌ಪೋಸ್ಟಿನ ಮುಂದೆ ಬೆಳಗು ಕಾಯಬೇಕಾಗುತ್ತದೆ.

2. ದಾರಿ ಮತ್ತು ಹವಾಮಾನ

ಪಶ್ಚಿಮ ಘಟ್ಟದ ರಸ್ತೆಗಳು ನಿನ್ನೆ ಇದ್ದ ಹಾಗೆ ಇಂದು ಇರುತ್ತವೆ ಎಂದು ನಂಬಬಾರದು. 2018ರ ಆಗಸ್ಟಿನಲ್ಲಿ ಮಡಿಕೇರಿ-ಸಂಪಾಜೆ ದಾರಿ ಜೋಡುಪಾಲದ ಸುತ್ತ ಭೂಕುಸಿತದಿಂದ ಕಡಿದುಹೋಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಹಲವು ಕಡೆ ಕುಸಿದು ಸಂಚಾರ ನಿಂತಿತು. ಹೊರಡುವ ಹಿಂದಿನ ದಿನವೂ ಹೊರಡುವ ಬೆಳಿಗ್ಗೆಯೂ ಭಾರತೀಯ ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆ ನೋಡಿ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ತೆಗೆದುಕೊಳ್ಳಿ. ಒಂದು ದಿನದಲ್ಲಿ 64.5 ಮಿ.ಮೀ. ದಾಟಿದರೆ ಇಲಾಖೆ ಅದನ್ನು ಭಾರೀ ಮಳೆ ಎನ್ನುತ್ತದೆ, 204.4 ಮಿ.ಮೀ. ಮೀರಿದರೆ ಅತ್ಯಂತ ಭಾರೀ ಮಳೆ. ಕಿತ್ತಳೆ ಅಥವಾ ಕೆಂಪು ಇದ್ದ ದಿನ ಘಾಟಿಯ ಪ್ರವಾಸ ಮುಂದೂಡಿ. ನೀವು ಇಳಿಯುವ ಜಿಲ್ಲೆಯ ಎಚ್ಚರಿಕೆ ಮಾತ್ರ ನೋಡಿದರೆ ಸಾಲದು, ಘಾಟಿಯ ಮೇಲಿನ ಜಿಲ್ಲೆಯದನ್ನೂ ನೋಡಬೇಕು. ಮೇಲೆ ಸುರಿದ ಮಳೆಯೇ ಕೆಳಗಿನ ಹಳ್ಳದಲ್ಲಿ ಬರುವುದು.

ಎಲ್ಲಿ ನಿಲ್ಲಬೇಕು ಎಂಬುದೂ ಸಿದ್ಧತೆಯ ಭಾಗ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ, ಅಲ್ಲಿದ್ದ ಜನ, ನಿಂತಿದ್ದ ವಾಹನಗಳು ಮಣ್ಣಿನೊಂದಿಗೆ ಹೋದವು. ಗಂಗಾವಳಿ ನದಿಯಲ್ಲಿ ಒಂದು ಲಾರಿ ಸಿಕ್ಕಿದ್ದು ಎರಡು ತಿಂಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅಲ್ಲಿ ನಿಂತವರದು ಏನೂ ತಪ್ಪಿರಲಿಲ್ಲ. ಚಹಾಕ್ಕೆ ನಿಲ್ಲುವುದು ನಾವೆಲ್ಲ ಮಾಡುವ ಕೆಲಸ. ಆದರೆ ನಮಗೆ ಅದರಿಂದ ಕಲಿಯಲು ಇದೆ. ಜೋರು ಮಳೆಯ ದಿನಗಳಲ್ಲಿ ಕಡಿದ ಗುಡ್ಡದ ಬುಡದಲ್ಲಿ, ಜಲಪಾತದ ಕೆಳಗೆ, ಹಳ್ಳದ ಮೋರಿಯ ಮೇಲೆ, ಓಲಿದ ಮರದ ಅಡಿಯಲ್ಲಿ ವಾಹನ ನಿಲ್ಲಿಸಬೇಡಿ, ಸೆಲ್ಫಿಗಾಗಿಯಂತೂ ಬೇಡವೇ ಬೇಡ. ಸಣ್ಣ ಕಲ್ಲುಗಳು ಉದುರುತ್ತಿದ್ದರೆ, ತಿಳಿಯಾಗಿದ್ದ ಚರಂಡಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ರಸ್ತೆಯಲ್ಲಿ ಹೊಸ ಬಿರುಕು ಕಂಡರೆ ಅಲ್ಲಿಂದ ಹೊರಡಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ಆರ್ಕಿಮಿಡೀಸ್ ತತ್ವ ನೆನಪಿಸಿಕೊಳ್ಳಿ: ವಾಹನ ಮುಳುಗಿದಷ್ಟೂ ನೀರು ಅದನ್ನು ಮೇಲಕ್ಕೆತ್ತುತ್ತದೆ, ಚಕ್ರದ ಹಿಡಿತ ಕಡಿಮೆಯಾಗುತ್ತದೆ. ಮೊಣಕಾಲಿನಷ್ಟು ರಭಸದ ನೀರು ಕಾರನ್ನು ತಳ್ಳಿಬಿಡಬಲ್ಲದು.

3. ವಾಹನ ಮತ್ತು ಚಾಲಕರು: ಸ್ವಲ್ಪ ಭೌತಶಾಸ್ತ್ರ

ನಮ್ಮ ಬ್ರೇಕು ಏಕೆ ಸೋತಿತು? ವಾಹನ ಮತ್ತು ನಾವೆಲ್ಲ ಸೇರಿ 4,000 ಕಿ.ಗ್ರಾಂ ಎಂದುಕೊಳ್ಳೋಣ. ಇಳಿಯುವ ಎತ್ತರ 600 ಮೀಟರ್ ಇರಲಿ. ಸ್ಥಿತಿಶಕ್ತಿ ಎಂದರೆ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಇವುಗಳ ಗುಣಲಬ್ಧ.

4,000 × 9.8 × 600 = 2,35,20,000 ಜೂಲ್

ಈ ಶಕ್ತಿ ಎಲ್ಲಿಗೆ ಹೋಗಬೇಕು? ಕೆಳಗೆ ಬರುವಾಗ ನಮ್ಮ ವೇಗ ಹೆಚ್ಚಬಾರದು ಎಂದರೆ ಬಹುಪಾಲು ಶಾಖವಾಗಿ ಹೊರಹೋಗಬೇಕು. 30 ಡಿಗ್ರಿಯ ಒಂದು ಲೀಟರ್ ನೀರನ್ನು 100 ಡಿಗ್ರಿಗೆ ತರಲು ಸುಮಾರು 2,94,000 ಜೂಲ್ ಬೇಕು. ಹಾಗಾದರೆ ನಮ್ಮ ಇಳಿಜಾರಿನ ಶಾಖದಲ್ಲಿ ಸುಮಾರು 80 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಹುದು. ಒಂದು ಮದುವೆಯ ಬಿರಿಯಾನಿಗೆ ಇಡುವ ಹಂಡೆಯಷ್ಟು! ಮೇಲಿನ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಇದರ ಬಹುಭಾಗವನ್ನು ನಾಲ್ಕು ಚಕ್ರಗಳ ಬ್ರೇಕುಗಳೇ ಹೊರಬೇಕು. ಅವು ಕಾಯುತ್ತವೆ, ಹಿಡಿತ ಕಳೆದುಕೊಳ್ಳುತ್ತವೆ. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಅದರಲ್ಲಿ ನೀರಿನಂಶ ಸೇರಿ ಬೇಗ ಕುದಿಯುತ್ತದೆ. ಕುದಿದಾಗ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ಕೆಳಗೆ ಹೋಗುವುದು ಅದಕ್ಕೇ.

ಪರಿಹಾರ ಸರಳ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್. ಆಗ ಎಂಜಿನ್ನೇ ವಾಹನವನ್ನು ಹಿಂದಕ್ಕೆ ಹಿಡಿಯುತ್ತದೆ, ಬ್ರೇಕಿಗೆ ವಿರಾಮ ಸಿಗುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಅಥವಾ ಎಂಜಿನ್ ಆಫ್ ಮಾಡಿ ಇಳಿಯುವುದು ಜೀವದೊಂದಿಗೆ ಆಟ. ಸುಟ್ಟ ವಾಸನೆ ಬಂದರೆ ಸಮತಟ್ಟು ಜಾಗ ನೋಡಿ ನಿಲ್ಲಿಸಿ ತಣಿಯಲು ಬಿಡಬೇಕು. ಕಾದ ಬ್ರೇಕಿಗೆ ನೀರು ಸುರಿಯಬಾರದು, ಲೋಹ ಬಿರುಕು ಬಿಡಬಹುದು. ಕಿರಿದಾದ ಘಾಟಿ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಎಂಬುದು ರಸ್ತೆ ನಿಯಮ.

ಇನ್ನೊಂದು ಲೆಕ್ಕ ವೇಗದ್ದು. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯುತ್ತದೆ ಎನ್ನೋಣ. ಒದ್ದೆ ರಸ್ತೆಯಲ್ಲಿ ವಾಹನ ಸೆಕೆಂಡಿಗೆ 4 ಮೀ/ಸೆ.ನಂತೆ ವೇಗ ಕಳೆದುಕೊಳ್ಳುತ್ತದೆ ಎನ್ನೋಣ. ಗಂಟೆಗೆ 40 ಕಿ.ಮೀ. ವೇಗದಲ್ಲಿ ನಿಲ್ಲಲು ಬೇಕಾಗುವ ದೂರ 11.1 + 15.4, ಅಂದರೆ ಸುಮಾರು 26 ಮೀಟರ್. ಗಂಟೆಗೆ 20 ಕಿ.ಮೀ. ಆದರೆ 5.6 + 3.9, ಅಂದರೆ ಸುಮಾರು ಒಂಬತ್ತೂವರೆ ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕು ಪಟ್ಟು. ಇಳಿಜಾರಿನಲ್ಲಿ ಇದು ಇನ್ನೂ ಹೆಚ್ಚು. ಮಂಜಿನಲ್ಲಿ 15 ಮೀಟರ್ ಮಾತ್ರ ಕಾಣುತ್ತಿದ್ದರೆ 40ರಲ್ಲಿ ಹೋಗುವವರು ನಿಲ್ಲಲಾರದ ದೂರದಲ್ಲಿ ಓಡುತ್ತಿದ್ದಾರೆ ಎಂದರ್ಥ. ಮಂಜಿನಲ್ಲಿ ಹೈಬೀಮ್ ದೀಪ ಹಾಕಿದರೆ ಬೆಳಕು ನೀರ ಹನಿಗಳಿಗೆ ತಾಗಿ ಚದುರಿ ನಮ್ಮ ಕಣ್ಣಿಗೇ ಮರಳುತ್ತದೆ. ಲೋಬೀಮ್ ಸಾಕು.

ಹೊರಡುವ ಹಿಂದಿನ ದಿನ ನೋಡಬೇಕಾದವು: ಬ್ರೇಕ್, ಬ್ರೇಕ್ ಆಯಿಲ್, ವೈಪರ್, ಎಲ್ಲ ದೀಪಗಳು, ಹಾರ್ನ್, ಟಯರ್. ಟಯರಿನ ಗೀರುಗಳ ನಡುವೆ ಸಣ್ಣ ಉಬ್ಬು ಇರುತ್ತದೆ. ಕಾರಿನ ಟಯರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಗೀರಿನ ಆಳ 1.6 ಮಿ.ಮೀ.ಗೆ ಇಳಿದಿದೆ, ಟಯರ್ ಬದಲಿಸಬೇಕು. ಗಾಳಿಯನ್ನು ಟಯರ್ ತಣ್ಣಗಿರುವಾಗಲೇ ನೋಡಬೇಕು. ಸ್ಟೆಪ್ನಿಯ ಗಾಳಿಯನ್ನೂ ಮರೆಯಬಾರದು. ಜಾಕ್, ಪಾನಾ ಇವೆಯೇ ಎಂದು ಕಣ್ಣಾರೆ ನೋಡಿ. ಇಂಧನ ಅರ್ಧಕ್ಕೆ ಇಳಿದರೆ ಮುಂದೆ ಸಿಗುವ ಬಂಕಿನಲ್ಲಿ ತುಂಬಿಸಿಕೊಳ್ಳಿ, ಘಾಟಿಯೊಳಗೆ ಬಂಕ್ ಸಿಗುವುದಿಲ್ಲ.

ಚಾಲಕರ ನಿದ್ದೆಯೂ ಇಂಧನವೇ. ನಮ್ಮ ಚಾಲಕರು ಹಿಂದಿನ ರಾತ್ರಿ ಮದುವೆಯ ಟ್ರಿಪ್ ಮುಗಿಸಿ ಮೂರೇ ಗಂಟೆ ಮಲಗಿ ಬಂದಿದ್ದರೆಂದು ನಮಗೆ ತಿಳಿದದ್ದು ಮಾರನೆಯ ದಿನ. ಅವರು ಒಳ್ಳೆಯ ಚಾಲಕರು. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಈಗ ವಾಹನ ಗೊತ್ತು ಮಾಡುವಾಗಲೇ ಕೇಳುತ್ತೇನೆ, "ಹಿಂದಿನ ರಾತ್ರಿ ಬೇರೆ ಟ್ರಿಪ್ ಉಂಟಾ?" ಚಾಲಕರ ಊಟ, ವಿಶ್ರಾಂತಿಗೂ ನಮ್ಮ ಗಂಟೆಯ ಪಟ್ಟಿಯಲ್ಲಿ ಜಾಗ ಇರುತ್ತದೆ.

4. ಕೈಗೆ ಸಿಗುವ ಚೀಲ

ಯಾವ ವಸ್ತು ಇದೆ ಎನ್ನುವುದಕ್ಕಿಂತ ಅದು ಎಲ್ಲಿದೆ ಎನ್ನುವುದು ಮುಖ್ಯ. ಇದನ್ನು ನಾನು ಆ ಹುಡುಗನ ತಾಯಿಯ ಮಾತಿನಿಂದ ಕಲಿತೆ. ಔಷಧಿ ಬ್ಯಾಗಿನಲ್ಲೇ ಇತ್ತು, ಆದರೆ ಬ್ಯಾಗು ಕೈಗೆ ಸಿಗುವಲ್ಲಿ ಇರಲಿಲ್ಲ. ಅಂದಿನಿಂದ ವಾಹನದ ಮುಂದಿನ ಸೀಟಿನ ಬಳಿ ಒಂದು ಕೆಂಪು ಚೀಲ ಇರುತ್ತದೆ. ಅದರಲ್ಲಿ ಪ್ರಥಮ ಚಿಕಿತ್ಸೆಯ ಡಬ್ಬ, ಎರಡು ಟಾರ್ಚ್, ಚಾರ್ಜ್ ಆದ ಪವರ್ ಬ್ಯಾಂಕ್, ಹಗ್ಗ, ಕತ್ತಿ, ಸೀಟಿ, ನೀರು, ಖರ್ಜೂರ, ಬಿಸ್ಕತ್ತು, ಎರಡು ದಪ್ಪ ಹೊದಿಕೆ ಮತ್ತು ಹೊಳೆಯುವ ತ್ರಿಕೋನ ಫಲಕ ಇರುತ್ತವೆ. ವಾಹನ ತಿರುವಿನಲ್ಲಿ ಕೆಟ್ಟು ನಿಂತರೆ ತ್ರಿಕೋನವನ್ನು ತಿರುವಿಗೆ ಮೊದಲೇ ಇಡಬೇಕು. ತಿರುವಿನ ನಂತರ ಇಟ್ಟರೆ ಬರುವವರಿಗೆ ಅದು ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ಇನ್‌ಹೇಲರ್, ಇನ್ಸುಲಿನ್, ಅಪಸ್ಮಾರದ ಮಾತ್ರೆ, ಯಾವುದೇ ಆಗಲಿ, ಆಯಾ ವಿದ್ಯಾರ್ಥಿಯ ಜೇಬಿನಲ್ಲೋ ಮಡಿಲ ಚೀಲದಲ್ಲೋ ಇರಬೇಕು. ಕಾಯಿಲೆಯ ವಿಷಯ ಅಧ್ಯಾಪಕರಿಗೆ ಹೇಳಲು ನಾಚಿಕೆ ಬೇಡ. ಎಲ್ಲರ ಮುಂದೆ ಹೇಳಬೇಕಾಗಿಲ್ಲ, ಒಂದು ಚೀಟಿ ಕೊಟ್ಟರೂ ಸಾಕು.

5. ಸುದ್ದಿಯ ದಾರಿ

ಕರೆ ಹೋಗದ ಜಾಗಕ್ಕೆ ಹೋಗುವ ಮೊದಲು ಕರೆ ಮಾಡಿ ಮುಗಿಸಬೇಕು. ಕಾಲೇಜು ಕಚೇರಿಯಲ್ಲಿ ಒಂದು ಕಾಗದ ಬಿಟ್ಟು ಹೋಗುತ್ತೇವೆ. ಅದರಲ್ಲಿ ದಾರಿ, ವಾಹನದ ನಂಬರ್, ಚಾಲಕರ ಫೋನ್, ಎಲ್ಲರ ಹೆಸರು, ಕರೆ ಮಾಡುವ ಜಾಗಗಳು. ನಮ್ಮ ಕ್ರಮ ಹೀಗೆ: ಉಜಿರೆಯಿಂದ ಒಂದು ಕರೆ, ಘಾಟಿ ಹತ್ತಿ ಕೊಟ್ಟಿಗೆಹಾರದಿಂದ ಒಂದು, ಹಿಂದಿರುಗುವಾಗ ಮತ್ತೆ ಅದೇ ಎರಡು. "ಈಗ ಇಳಿಯುತ್ತೇವೆ, ಎರಡು ಗಂಟೆಯೊಳಗೆ ಕರೆ ಬಾರದಿದ್ದರೆ ಪೊಲೀಸರಿಗೆ ತಿಳಿಸಿ." ಹೀಗೆ ಹೇಳಿದರೆ ಮನೆಯವರಿಗೆ ಗಾಬರಿ ಹೆಚ್ಚುತ್ತದೆ ಎಂದು ಕೆಲವರು ಹೇಳುತ್ತಾರೆ. ಗೇಟಿನ ಬಳಿ ಐದೂವರೆ ಗಂಟೆ ನಿಂತ ತಾಯಂದಿರನ್ನು ಕಂಡವನು ನಾನು. ಏನೂ ಗೊತ್ತಿಲ್ಲದಿರುವುದಕ್ಕಿಂತ ದೊಡ್ಡ ಗಾಬರಿ ಬೇರೆ ಇಲ್ಲ.

ನಂಬರ್‌ಗಳನ್ನು ಬಾಯಿಪಾಠ ಮಾಡಿ. 112 ಎಲ್ಲ ತುರ್ತಿಗೆ, 108 ಆಂಬ್ಯುಲೆನ್ಸಿಗೆ, 1033 ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ನಿಮ್ಮ ಕಂಪೆನಿಯ ಸಿಗ್ನಲ್ ಇಲ್ಲದಿದ್ದರೂ ಅಲ್ಲಿ ಬೇರೆ ಕಂಪೆನಿಯ ಸಿಗ್ನಲ್ ಇದ್ದರೆ 112ಕ್ಕೆ ಕರೆ ಹೋಗಬಹುದು, ಪ್ರಯತ್ನಿಸಿ. ಸಿಗ್ನಲ್ ಹುಡುಕುತ್ತಾ ಫೋನಿನ ಬ್ಯಾಟರಿ ಬೇಗ ಮುಗಿಯುತ್ತದೆ. ಆದ್ದರಿಂದ ಘಾಟಿಯೊಳಗೆ ಎರಡು ಫೋನುಗಳಾದರೂ ಫ್ಲೈಟ್ ಮೋಡ್‌ನಲ್ಲಿರಲಿ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ಇಂಟರ್‌ನೆಟ್ ಇಲ್ಲದೆಯೂ ನೀವಿರುವ ಜಾಗ ತೋರಿಸುತ್ತದೆ, ಜಿಪಿಎಸ್ ಸಂಕೇತ ಬರುವುದು ಉಪಗ್ರಹದಿಂದ.

ದಾರಿಯಲ್ಲಿ ಬೇರೆಯವರಿಗೆ ಅಪಘಾತವಾದುದನ್ನು ಕಂಡರೆ ಪೊಲೀಸ್ ಕೇಸಿನ ಭಯದಿಂದ ಮುಂದೆ ಹೋಗಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡುವವರಿಗೆ ರಕ್ಷಣೆ ಕೊಡುತ್ತದೆ. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಸಾಗಿಸಿ.

ಬೈಕಿನವರಿಗೆ ಎರಡು ಮಾತು

ಭಾನುವಾರ ಮಳೆ ನೋಡಲು ಘಾಟಿಗೆ ಬೈಕಿನಲ್ಲಿ ಹೋಗುವ ಮಾತು ಕಾರಿಡಾರಿನಲ್ಲಿ ಕೇಳುತ್ತೇನೆ. ನಿಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ, ಗೇರ್ ಇರುವ ಬೈಕ್ ಓಡಿಸಲು ನಿಮಗೆ ಪರವಾನಗಿ ಸಿಗದು. ಅಪ್ರಾಪ್ತರು ಓಡಿಸಿ ಅಪರಾಧವಾದರೆ ಅದೇ ಕಾಯ್ದೆಯ 199ಎ ಪ್ರಕಾರ ಪೋಷಕರು ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದ ತನಕ ಜೈಲು ಆಗಬಹುದು. ದಂಡದ ಮಾತು ಹಾಗಿರಲಿ. ಮೇಲಿನ ಬ್ರೇಕಿನ ಲೆಕ್ಕವನ್ನು ಎರಡು ಚಕ್ರದ ವಾಹನಕ್ಕೆ ಹಾಕಿ ನೋಡಿ. ಒದ್ದೆ ಎಲೆ ಬಿದ್ದ ತಿರುವಿನಲ್ಲಿ ಆ ಲೆಕ್ಕ ಇನ್ನೂ ಕೆಡುತ್ತದೆ.

ಆದರೆ ವಾಹನ ಓಡಿಸದವರಿಗೆ ಕೆಲಸವಿಲ್ಲ ಎಂದುಕೊಳ್ಳಬೇಡಿ. ಪ್ರಯಾಣಿಕರಿಗೂ ಹುದ್ದೆಗಳಿವೆ. ನಮ್ಮ ತಂಡದಲ್ಲಿ ಈಗ ಒಬ್ಬರು ಗಂಟೆ ನೋಡುವವರು, ಒಬ್ಬರು ಕೆಂಪು ಚೀಲದ ಹೊಣೆಗಾರರು, ಒಬ್ಬರು ಕರೆ ಮಾಡುವವರು, ಇಬ್ಬರು ಪ್ರತಿ ನಿಲುಗಡೆಯಲ್ಲಿ ತಲೆ ಎಣಿಸುವವರು. ಗಂಟೆ ನೋಡುವ ವಿದ್ಯಾರ್ಥಿಗೆ ಒಂದು ವಿಶೇಷ ಅಧಿಕಾರವಿದೆ. ಅವನು ಹೇಳಿದರೆ ಅಧ್ಯಾಪಕರೂ ಏಳಬೇಕು.

ಎರಡನೆಯ ಸಲ

ಎರಡು ವರ್ಷದ ಬಳಿಕ ಮತ್ತೆ ಅದೇ ದಾರಿಯಲ್ಲಿ, ಅದೇ ಊರುಗಳಿಗೆ ಹೊರಟೆವು. ಈ ಸಲ ಬೆಳಿಗ್ಗೆ ಘಾಟಿಯಲ್ಲಿ ರಸ್ತೆ ಕೆಲಸ ನಡೆಯುತ್ತಿದ್ದುದರಿಂದ ಒಂದು ಗಂಟೆ ಕಾದೆವು. ಬೇಲೂರು ಸೇರುವಾಗ ಹನ್ನೊಂದೂವರೆ. ದೇವಾಲಯ ನೋಡಿ, ಊಟ ಮುಗಿಸುವಾಗ ಎರಡೂಕಾಲು. ಗಂಟೆ ನೋಡುವ ಹುಡುಗ, ಕೊನೆಯ ಬೆಂಚಿನ ಸಂಕೋಚದ ಹುಡುಗ, ಕಾಗದ ಹಿಡಿದು ನನ್ನ ಬಳಿ ಬಂದ. "ಸರ್, ಹಳೇಬೀಡಿಗೆ ಹೋಗಿ ನೋಡಿ ಬರಲಿಕ್ಕೆ ಎರಡು ಗಂಟೆ ಬೇಕು. ಮತ್ತೆ ಕೊಟ್ಟಿಗೆಹಾರ ಮುಟ್ಟುವಾಗ ಐದೂಮುಕ್ಕಾಲು ಆಗ್ತದೆ. ನಮ್ಮ ಗಂಟೆ ಐದು."

ಎಲ್ಲರ ಮುಖ ಬಾಡಿತು. ಹದಿನಾರು ಕಿಲೋಮೀಟರ್ ದೂರದಲ್ಲಿ ಹಳೇಬೀಡು. ಬಂದದ್ದೇ ಅದಕ್ಕಾಗಿ. "ಒಂದು ಅರ್ಧ ಗಂಟೆ ನೋಡಿ ಓಡಿ ಬರುವ ಸರ್" ಎಂದು ಮೂವರು ಕೇಳಿದರು. ನನಗೂ ಆಸೆಯಾಯಿತು. ನಾನು ಕಾಗದ ನೋಡಿದೆ. ಅದು ನನ್ನದೇ ಕೈಬರಹ. ವಾಹನ ಮೂಡಿಗೆರೆಯ ಕಡೆ ತಿರುಗಿತು.

ಮುಕ್ಕಾಲು ದಾರಿಯ ತನಕ ಹುಡುಗರು ಮಾತಾಡಲಿಲ್ಲ. ಕೊಟ್ಟಿಗೆಹಾರದ ನೀರ್‌ದೋಸೆ ಸಿಟ್ಟನ್ನು ಸ್ವಲ್ಪ ಇಳಿಸಿತು. ಕೆಳಗಿನ ಗೇರಿನಲ್ಲಿ, ಹಗಲ ಬೆಳಕಿನಲ್ಲಿ, ನಿಧಾನವಾಗಿ ಇಳಿದೆವು. ಹಿಂದೊಮ್ಮೆ ನಿಂತಿದ್ದ ಆ ತಿರುವನ್ನು ನಾನು ಗುರುತಿಸಿದೆ. ಅಲ್ಲಿ ಈಗ ಏನೂ ಇರಲಿಲ್ಲ. ಏಳೂವರೆಗೆ ಗೇಟಿನ ಬಳಿ ಇಳಿದಾಗ ಪೋಷಕರು ಇನ್ನೂ ಬಂದಿರಲಿಲ್ಲ. ನಾವೇ ಅವರಿಗಾಗಿ ಅರ್ಧ ಗಂಟೆ ಕಾದೆವು. ಆ ಪ್ರವಾಸದ ಬಗ್ಗೆ ಹೇಳಲು ಇದಕ್ಕಿಂತ ಹೆಚ್ಚು ಏನೂ ಇಲ್ಲ. ಹಳೇಬೀಡು ಅಲ್ಲೇ ಇದೆ, ಇನ್ನೊಂದು ಸಲ ಹೋಗಬಹುದು.

ಮಾಡಿ ನೋಡಿ

1. ಗಂಟೆಗೆ 50 ಕಿ.ಮೀ. ವೇಗದಲ್ಲಿ ಒದ್ದೆ ರಸ್ತೆಯಲ್ಲಿ ವಾಹನ ನಿಲ್ಲಲು ಎಷ್ಟು ಮೀಟರ್ ಬೇಕು? ಮೇಲೆ ಕೊಟ್ಟ ಬೆಲೆಗಳನ್ನೇ ಬಳಸಿ. ಉತ್ತರವನ್ನು ಕಾಲೇಜಿನ ಅಂಗಳದಲ್ಲಿ ಹೆಜ್ಜೆ ಹಾಕಿ ಅಳೆಯಿರಿ.

2. ನಿಮ್ಮ ಮನೆಯವರು ಮುಂದೆ ಹೋಗಲಿರುವ ಯಾವುದಾದರೂ ದೂರದ ಪ್ರಯಾಣಕ್ಕೆ ಕತ್ತಲಿನಿಂದ ಹಿಂದಕ್ಕೆ ಗಂಟೆಯ ಪಟ್ಟಿ ಬರೆಯಿರಿ. ಗಂಟೆ ಮೀರಿದರೆ ಎಲ್ಲಿ ತಂಗುವುದು ಎಂಬುದನ್ನೂ ಸೇರಿಸಿ.

3. ಮನೆಯಲ್ಲಿ ಯಾರಿಗೆ ಯಾವ ಔಷಧಿ ನಿತ್ಯ ಬೇಕು, ಪ್ರಯಾಣದಲ್ಲಿ ಅದು ಎಲ್ಲಿರುತ್ತದೆ ಎಂದು ಕೇಳಿ ಬರೆದುಕೊಳ್ಳಿ. "ಬ್ಯಾಗಲ್ಲಿ ಉಂಟು" ಎಂಬ ಉತ್ತರ ಬಂದರೆ, ಯಾವ ಬ್ಯಾಗು, ಆ ಬ್ಯಾಗು ಎಲ್ಲಿ ಎಂದು ಇನ್ನೊಮ್ಮೆ ಕೇಳಿ.